ಗಾಂಜಾ ಸೇವನೆ ಮತ್ತು ನಿಲ್ಲದ ವಾಂತಿ: ಹೆತ್ತವರು ತಿಳಿದಿರಬೇಕಾದ ವಿಷಯ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ಮಕ್ಕಳಿಗೆ ವಾಂತಿಯಾದರೆ 'ಪಿತ್ತ ಆಗಿದೆ', 'ದೃಷ್ಟಿ ತಾಗಿದೆ' ಅಂತೀವಿ. ಒಂದು ಇಂಜೆಕ್ಷನ್ ಹಾಕಿಸಿ ಸುಮ್ಮನಾಗುತ್ತೇವೆ. ಆದರೆ ಹದಿಹರೆಯದ ಮಗನಿಗೋ ಮಗಳಿಗೋ ವಾಂತಿ ಮತ್ತೆ ಮತ್ತೆ ಮರುಕಳಿಸುತ್ತಿದ್ದು, ಸ್ಕ್ಯಾನಿಂಗ್‌ನಲ್ಲಿ ಏನೂ ಕಾಣದಿದ್ದರೆ, ಗಾಂಜಾ ಕಾರಣವಿರಬಹುದೇ ಎಂದು ಯೋಚಿಸಬೇಕು.

ಭಂಗಿ ಸೊಪ್ಪು ನಮ್ಮ ಅಜ್ಜಂದಿರ ಕಾಲದಿಂದಲೂ ಗೊತ್ತಿರುವುದೇ. ಅದರಿಂದ ಇಂಥ ವಾಂತಿ ಬರುತ್ತದೆ ಎಂದು ಆಸ್ಟ್ರೇಲಿಯಾದ ವೈದ್ಯರು 2004ರಲ್ಲಿ ವಿವರವಾಗಿ ಬರೆದರು. ಗಾಂಜಾ ಸ್ವಲ್ಪ ಪ್ರಮಾಣದಲ್ಲಿ ವಾಕರಿಕೆ ತಗ್ಗಿಸುತ್ತದೆ. ಬಹುಕಾಲ, ಪದೇ ಪದೇ ಸೇದಿದಾಗ ಕೆಲವರಲ್ಲಿ ಮಿದುಳು ಮತ್ತು ಜಠರದ ನಡುವಿನ ಹತೋಟಿ ತಪ್ಪಿ, ಅದೇ ಗಾಂಜಾ ವಾಂತಿ ತರಿಸುತ್ತದೆ. ಹೀಗಾಗಿ 'ವಾಕರಿಕೆ ಹೋಗಲಿ' ಅಂತ ಮತ್ತೆ ಸೇದುವ ಹುಡುಗನಿಗೆ ಕಾಯಿಲೆ ಹೆಚ್ಚುತ್ತಲೇ ಹೋಗುತ್ತದೆ.

ಗುರುತಿಸುವುದು ಹೇಗೆ?

1. ಮೊದಮೊದಲು ಬೆಳಗ್ಗೆ ಎದ್ದ ಕೂಡಲೇ ವಾಕರಿಕೆ, ಹೊಟ್ಟೆ ತೊಳಸುವುದು.
2. ಆಮೇಲೆ ಒಂದೆರಡು ದಿನ ನಿಲ್ಲದ ವಾಂತಿ, ಹೊಟ್ಟೆನೋವು. ನಡುವೆ ಕೆಲವು ವಾರ ಚೆನ್ನಾಗಿದ್ದು ಪುನಃ ಶುರು.
3. ಬಿಸಿನೀರು ಮೈಮೇಲೆ ಬಿದ್ದಾಗ ಮಾತ್ರ ಸಮಾಧಾನ. ಬಚ್ಚಲು ಬಿಟ್ಟು ಬರುವುದಿಲ್ಲ, ಹಂಡೆಗೆ ಮತ್ತೆ ಮತ್ತೆ ಉರಿ ಹಾಕಿಸುತ್ತಾರೆ. ಇದರಿಂದ ಮೈ ಸುಟ್ಟುಕೊಂಡವರೂ ಇದ್ದಾರೆ.

ವಾಂತಿಯೆಲ್ಲಾ ಗಾಂಜಾದ್ದಲ್ಲ. ನಮ್ಮದು ಹೊಗೆಸೊಪ್ಪಿನ ಸೀಮೆ. ಒದ್ದೆ ಹಸಿರು ಎಲೆ ಮುರಿಯುವವರಿಗೆ ಚರ್ಮದ ಮೂಲಕ ನಿಕೋಟಿನ್ ಏರಿ ವಾಂತಿ, ತಲೆಸುತ್ತು ಬರುತ್ತದೆ. ಕೀಟನಾಶಕ, ಅಪೆಂಡಿಸೈಟಿಸ್, ಕಾಮಾಲೆ, ಹೆಣ್ಣುಮಕ್ಕಳಲ್ಲಿ ಗರ್ಭ, ಇವನ್ನೆಲ್ಲಾ ವೈದ್ಯರು ಪರೀಕ್ಷಿಸಲೇಬೇಕು.

ಚಿಕಿತ್ಸೆ ಏನು?

ಮೂತ್ರ ಕಡಿಮೆಯಾಗಿ, ಬಾಯಿ ಒಣಗಿ, ಮಂಪರು ಬಂದರೆ ತಡಮಾಡದೆ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ನೀರು, ಲವಣ ಕಡಿಮೆಯಾದರೆ ಮೂತ್ರಪಿಂಡ ಕೆಡಬಹುದು, ಜೀವಕ್ಕೂ ಅಪಾಯ. ಅಲ್ಲಿ ಡ್ರಿಪ್ ಹಾಕುತ್ತಾರೆ. ಸಾಮಾನ್ಯ ವಾಂತಿ ಮಾತ್ರೆ ಇದಕ್ಕೆ ಅನೇಕ ಸಲ ನಾಟುವುದಿಲ್ಲ. ವೈದ್ಯರು ಹ್ಯಾಲೋಪೆರಿಡಾಲ್‌ನಂಥ ಔಷಧಿ ಅಥವಾ ಹೊಟ್ಟೆಗೆ ಹಚ್ಚುವ ಕ್ಯಾಪ್ಸೈಸಿನ್ ಮುಲಾಮು ಕೊಡಬಹುದು. ಕ್ಯಾಪ್ಸೈಸಿನ್ ಮೆಣಸಿನಕಾಯಿಯ ಖಾರದ ಅಂಶವೇ. ಹಾಗಂತ ಮನೆಯಲ್ಲಿ ಖಾರದಪುಡಿ ಹಚ್ಚಬೇಡಿ!

ಶಾಶ್ವತ ಪರಿಹಾರ ಒಂದೇ: ಗಾಂಜಾ ಪೂರ್ತಿ ಬಿಡುವುದು. ಬಿಟ್ಟ ಮೊದಲೆರಡು ವಾರ ಸಿಡುಕು, ನಿದ್ದೆ ಬಾರದಿರುವುದು, ಹಸಿವಾಗದಿರುವುದು ಸಹಜ. ಪೂರ್ತಿ ಗುಣವಾಗಲು ಕೆಲವು ವಾರ, ತಿಂಗಳುಗಳೂ ಹಿಡಿಯಬಹುದು. ಮತ್ತೆ ಸೇದಿದರೆ ಕಾಯಿಲೆ ಮರಳಿ ಬರುತ್ತದೆ.

ಹೆತ್ತವರು ಪೊಲೀಸರ ಭಯಕ್ಕೆ, ಮರ್ಯಾದೆಗೆ ಅಂಜಿ ವೈದ್ಯರ ಬಳಿ ವಿಷಯ ಮುಚ್ಚಿಡುತ್ತಾರೆ. ಆಗ ಎಂಡೋಸ್ಕೋಪಿ, ಸ್ಕ್ಯಾನಿಂಗ್ ಅಂತ ಸಾಲ ಬೆಳೆಯುತ್ತದೆ, ರೋಗ ಉಳಿಯುತ್ತದೆ. 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪವಿರುವ ವ್ಯಸನಿ ಸ್ವಇಚ್ಛೆಯಿಂದ ಸರ್ಕಾರಿ ಅಥವಾ ಮಾನ್ಯತೆ ಪಡೆದ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಮೈಸೂರಿನ ಕೆ.ಆರ್. ಆಸ್ಪತ್ರೆಯ ಮನೋವೈದ್ಯಕೀಯ ವಿಭಾಗ, ಬೆಂಗಳೂರಿನ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರಗಳಿಗೆ ಹೋಗಬಹುದು. ಟೆಲಿ ಮನಸ್ 14416, ವ್ಯಸನಮುಕ್ತಿ ಸಹಾಯವಾಣಿ 14446ಕ್ಕೂ ಕರೆ ಮಾಡಬಹುದು.

ಮಗ ಬಾಯಿಬಿಟ್ಟು ಹೇಳಿದ ದಿನ ಹೊಡೆಯಬೇಡಿ. ಹೊಡೆದರೆ ಮತ್ತೆಂದೂ ಹೇಳುವುದಿಲ್ಲ. ಪಕ್ಕದಲ್ಲಿ ಕೂತು ಕೇಳಿ, ಜೊತೆಯಲ್ಲೇ ಆಸ್ಪತ್ರೆಗೆ ಹೋಗಿ. ಈ ವಿಷಯವನ್ನು ನಿಮ್ಮ ಸಂಘದ ಮುಂದಿನ ಸಭೆಯಲ್ಲಿ ಓದಿ ಚರ್ಚಿಸಿರಿ.