ರೂರಲ್ ಸ್ಟುಡಿಯೋ

ರೂರಲ್ ಸ್ಟುಡಿಯೋ ಅಮೆರಿಕದ ಆಬರ್ನ್ ವಿಶ್ವವಿದ್ಯಾಲಯದ ವಾಸ್ತುಶಿಲ್ಪ ಶಿಕ್ಷಣ ಕಾರ್ಯಕ್ರಮ. ಇದನ್ನು 1993ರಲ್ಲಿ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ. ಕೆ. ರೂತ್ ಸ್ಥಾಪಿಸಿದರು. ಬಡತನ ಹೆಚ್ಚಿರುವ ಪಶ್ಚಿಮ ಅಲಬಾಮಾದ ಹೇಲ್ ಕೌಂಟಿ ಇದರ ಮುಖ್ಯ ಕಾರ್ಯಕ್ಷೇತ್ರ.

ಬೋಧನಾ ವಿಧಾನ

ವಿದ್ಯಾರ್ಥಿಗಳು ಗ್ರಾಮೀಣ ಪ್ರದೇಶದಲ್ಲೇ ನೆಲೆಸಿ, ನಿವಾಸಿಗಳ ಅಗತ್ಯಗಳನ್ನು ಅರಿತು, ಕಟ್ಟಡಗಳನ್ನು ವಿನ್ಯಾಸಗೊಳಿಸುವುದಲ್ಲದೆ ಸ್ವತಃ ನಿರ್ಮಿಸುತ್ತಾರೆ. ನಕ್ಷೆಯಲ್ಲಿನ ತಪ್ಪು ಮತ್ತೊಬ್ಬರ ಬದುಕನ್ನು ಹೇಗೆ ಬಾಧಿಸುತ್ತದೆ ಎಂಬುದು ಇದರಿಂದ ಪ್ರತ್ಯಕ್ಷವಾಗುತ್ತದೆ. ಉತ್ತಮ ವಿನ್ಯಾಸವು ಸಿರಿವಂತರ ಸ್ವತ್ತಲ್ಲ, ವಾಸ್ತುಶಿಲ್ಪಿಗೆ ಸಾಮಾಜಿಕ ಹೊಣೆಯಿದೆ ಎಂಬುದು ಮಾಕ್‌ಬೀಯವರ ನಿಲುವಾಗಿತ್ತು.

ಪ್ರಮುಖ ಕಾರ್ಯಗಳು

ಆರಂಭಿಕ ಯೋಜನೆಗಳಲ್ಲಿ ಅಗ್ಗದ ಹಾಗೂ ತ್ಯಾಜ್ಯ ಸಾಮಗ್ರಿಗಳ ಬಳಕೆ ಹೆಚ್ಚಾಗಿತ್ತು. 1994ರ ಹೇ ಬೇಲ್ ಹೌಸ್‌ನ ಗೋಡೆಗಳನ್ನು ಗಾರೆ ಬಳಿದ ಒಣಹುಲ್ಲಿನ ಪಿಂಡಿಗಳಿಂದ ಕಟ್ಟಲಾಯಿತು. 1995ರ ಯಾನ್ಸಿ ಪ್ರಾರ್ಥನಾ ಮಂದಿರದ ಗೋಡೆಗಳಿಗೆ ಮಣ್ಣು ತುಂಬಿದ ಹಳೆಯ ಟೈರುಗಳನ್ನು ಬಳಸಲಾಯಿತು. 2001ರಲ್ಲಿ ಮಾಕ್‌ಬೀ ನಿಧನರಾದ ಬಳಿಕ ಆಂಡ್ರೂ ಫ್ರೀಯರ್ ನೇತೃತ್ವ ವಹಿಸಿದರು. 2005ರಲ್ಲಿ ಆರಂಭವಾದ '20ಕೆ ಹೌಸ್' ಯೋಜನೆಯು ಸಾಮಗ್ರಿ ಮತ್ತು ಕೂಲಿ ಸೇರಿ 20,000 ಡಾಲರಿನಲ್ಲಿ ಮನೆ ಕಟ್ಟುವ ಗುರಿ ಹೊಂದಿತ್ತು. ಸರ್ಕಾರಿ ಸಾಮಾಜಿಕ ಭದ್ರತಾ ವೇತನವನ್ನೇ ಅವಲಂಬಿಸಿದವರು ತೀರಿಸಬಲ್ಲ ಸಾಲದ ಲೆಕ್ಕಾಚಾರವೇ ಈ ಮೊತ್ತಕ್ಕೆ ಆಧಾರ.

ಚರ್ಚೆ

ಇಂತಹ ಶಿಕ್ಷಣಕ್ರಮವು ನೈತಿಕ ಪ್ರಶ್ನೆಯೊಂದನ್ನೂ ಎತ್ತುತ್ತದೆ. ವಿದ್ಯಾರ್ಥಿಗಳು ಪದವಿ ಪಡೆದು ತೆರಳುತ್ತಾರೆ. ಅವರ ಪ್ರಯೋಗದ ಫಲವನ್ನು, ದುರಸ್ತಿಯ ಹೊರೆಯನ್ನೂ ಸೇರಿಸಿ, ನಿವಾಸಿಗಳು ದೀರ್ಘಕಾಲ ಅನುಭವಿಸುತ್ತಾರೆ. ಆದ್ದರಿಂದ ಕಟ್ಟಡದ ಬಾಳಿಕೆ ಮತ್ತು ನಿವಾಸಿಯ ಒಪ್ಪಿಗೆ ಇಲ್ಲಿ ಪಠ್ಯದಷ್ಟೇ ಮುಖ್ಯವಾಗುತ್ತವೆ.