ಮುಕ್ತ ಕಲಿಕಾ ಸಾಮಗ್ರಿಗಳ ಅಳವಡಿಕೆ ಮತ್ತು ಮರುಬಳಕೆ: ಸೇಲಂ–ಧರ್ಮಪುರಿ ಜಿಲ್ಲೆಗಳ ಕನ್ನಡದ ನೆಲೆಯಿಂದ

ಪ್ರಾಥಮಿಕ ಹಂತದ ವಿಜ್ಞಾನದಲ್ಲಿ ಕುಡಿಯುವ ನೀರಿನ ಪಾಠ ಎಲ್ಲೆಡೆಯೂ ಇರುತ್ತದೆ. ನೀರನ್ನು ಸೋಸಿ, ಕುದಿಸಿ, ಆರಿಸಿ ಕುಡಿಯಬೇಕೆಂಬುದು ಅದರ ಸಾರ. ರೋಗಾಣುಗಳ ಮಟ್ಟಿಗೆ ಈ ಮಾತು ಸರಿಯಾದುದೇ. ಆದರೆ ಧರ್ಮಪುರಿ ಜಿಲ್ಲೆಯ ಅನೇಕ ಹಳ್ಳಿಗಳ ಕೊಳವೆಬಾವಿಗಳಲ್ಲಿರುವ ಮುಖ್ಯ ತೊಡಕು ಫ್ಲೋರೈಡಿನದು. ಅದಕ್ಕೆ ಬಣ್ಣವಿಲ್ಲ, ರುಚಿಯಿಲ್ಲ. ಕುದಿಸಿದರೆ ಅದು ಹೋಗುವುದೂ ಇಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ಬೇರೆಡೆ ನಿರ್ದೋಷವಾದ ಪಾಠವೊಂದು ಈ ನೆಲದಲ್ಲಿ ಅರೆಬರೆಯಾಗುತ್ತದೆ. ಅದನ್ನೇ ನಂಬಿ ನಡೆದ ಮನೆಯಲ್ಲಿ ಮಗುವಿನ ಹಲ್ಲು ಕಂದುಗಟ್ಟುವುದು ತಪ್ಪುವುದಿಲ್ಲ.

ಈ ಪಾಠದ ಕನ್ನಡ ರೂಪಗಳು ಇಂದು ಯಾವ ಖರ್ಚೂ ಇಲ್ಲದೆ ಕರ್ನಾಟಕದಿಂದ ಗಡಿಯಾಚೆಯ ಮೊಬೈಲಿಗೆ ಬಂದು ತಲುಪುತ್ತವೆ. ತಲುಪಿದ ಪಾಠವನ್ನು ಇಲ್ಲಿನ ಶಿಕ್ಷಕರಾಗಲಿ ಪೋಷಕರಾಗಲಿ ತಿದ್ದಿಕೊಳ್ಳಬಹುದೇ, ತಿದ್ದಿದ್ದನ್ನು ನೆರೆಯವರಿಗೆ ಹಂಚಬಹುದೇ, ಹಾಗೆ ಮಾಡಲು ಏನೇನು ಬೇಕು ಎಂಬುದನ್ನು ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮನೆಮಾತಿನ ಕನ್ನಡ

ಹಳೆಯ ಸೇಲಂ ಜಿಲ್ಲೆಯಿಂದ 1965ರಲ್ಲಿ ಧರ್ಮಪುರಿಯೂ, ಧರ್ಮಪುರಿಯಿಂದ 2004ರಲ್ಲಿ ಕೃಷ್ಣಗಿರಿಯೂ ಪ್ರತ್ಯೇಕ ಜಿಲ್ಲೆಗಳಾದವು. ತಮಿಳುನಾಡಿನ ಕನ್ನಡ ಶಾಲೆಗಳ ಮಾತು ಬಂದಾಗ ನೆನಪಾಗುವ ಹೊಸೂರು ಈಗ ಕೃಷ್ಣಗಿರಿಗೆ, ತಾಳವಾಡಿ ಈರೋಡಿಗೆ ಸೇರಿವೆ. ಸೇಲಂನ ದೇವಾಂಗ ನೇಕಾರರ ಮನೆಗಳಲ್ಲಿ, ಧರ್ಮಪುರಿಯ ಗಡಿ ಭಾಗದ ಊರುಗಳಲ್ಲಿ ಕನ್ನಡ ಬಹುಮಟ್ಟಿಗೆ ಮನೆಮಾತಾಗಿ ಉಳಿದಿದೆ. ಧರ್ಮಪುರಿಯಲ್ಲಿ ದೊರೆತಿರುವ ನೊಳಂಬರ ಕಾಲದ ಕನ್ನಡ ಶಾಸನಗಳು 9ನೆಯ ಶತಮಾನದ ಉತ್ತರಾರ್ಧದವು. ಹೊಗೇನಕಲ್ ಎಂಬ ಹೆಸರಿನಲ್ಲಿ ಹೊಗೆಯೂ ಕಲ್ಲೂ ಇಂದಿಗೂ ಕೇಳಿಸುತ್ತವೆ. ಆದರೂ ಈ ಕನ್ನಡವನ್ನಾಡುವ ಮಗು ಮೊದಲು ಓದಲು ಕಲಿಯುವುದು ತಮಿಳು ಲಿಪಿಯನ್ನು. 2006ರ ತಮಿಳು ಕಲಿಕಾ ಕಾಯ್ದೆಯ ಪ್ರಕಾರ ಒಂದನೆಯ ತರಗತಿಯಿಂದ ಹಂತಹಂತವಾಗಿ ಕಡ್ಡಾಯವಾದ ತಮಿಳು, 2015–16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು.

ಕಾಸರಗೋಡಿನೊಡನೆ ಹೋಲಿಸಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳಿವೆ; ಕೇರಳದ ಕೈಟ್ ಸಂಸ್ಥೆ 2020ರಲ್ಲಿ ಆರಂಭಿಸಿದ ‘ಫಸ್ಟ್ ಬೆಲ್’ ಡಿಜಿಟಲ್ ತರಗತಿಗಳು ಕನ್ನಡದಲ್ಲಿಯೂ ಸಿದ್ಧವಾದವು. ಶಾಲೆಯ ಆಸರೆ ತೆಳುವಾದ ಸೇಲಂ–ಧರ್ಮಪುರಿಯ ಕನ್ನಡಕ್ಕೆ ಹೊಸದಾಗಿ ಪಾಠ ಬರೆಸಿಕೊಳ್ಳುವ ಶಕ್ತಿ ಕಡಿಮೆ. ಇರುವುದನ್ನು ಪಡೆದು ಬದಲಿಸಿಕೊಳ್ಳುವುದೇ ಅದಕ್ಕೆ ಉಳಿದಿರುವ ಹತ್ತಿರದ ದಾರಿ. ಆದ್ದರಿಂದ ‘ಮುಕ್ತ’ ಎಂಬ ಪದದ ಅರ್ಥ ಇಲ್ಲಿ ಹೆಚ್ಚು ಎಚ್ಚರದ ವಿಚಾರವನ್ನು ಬೇಡುತ್ತದೆ.

ಉಚಿತ ಮತ್ತು ಮುಕ್ತ

‘ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಎಂಬ ಪರಿಭಾಷೆ ರೂಪುಗೊಂಡದ್ದು ಯುನೆಸ್ಕೋ 2002ರಲ್ಲಿ ಕರೆದ ಸಭೆಯಲ್ಲಿ. 2019ರ ನವೆಂಬರಿನಲ್ಲಿ ಅದೇ ಸಂಸ್ಥೆಯ ಮಹಾಧಿವೇಶನ ಈ ವಿಷಯದ ಶಿಫಾರಸನ್ನು ಅಂಗೀಕರಿಸಿತು. ಡೇವಿಡ್ ವೈಲಿಯವರು ಮುಕ್ತತೆಯನ್ನು ಐದು ಅನುಮತಿಗಳಾಗಿ ಬಿಡಿಸಿಟ್ಟಿದ್ದಾರೆ: ಪ್ರತಿಯನ್ನು ತನ್ನಲ್ಲಿ ಉಳಿಸಿಕೊಳ್ಳುವುದು, ಬಳಸುವುದು, ಪರಿಷ್ಕರಿಸುವುದು, ಬೇರೆ ಸಾಮಗ್ರಿಯೊಡನೆ ಬೆರೆಸುವುದು, ಮರಳಿ ಹಂಚುವುದು. ಉಚಿತವಾಗಿ ದೊರೆಯುವ ಬಹುಪಾಲು ಪಾಠಗಳು ಇವುಗಳಲ್ಲಿ ಒಂದೆರಡನ್ನು ಮಾತ್ರ ಕೊಡುತ್ತವೆ. ನೋಡಬಹುದು, ಕೆಲವೊಮ್ಮೆ ಇಳಿಸಿಕೊಳ್ಳಬಹುದು. ತಿದ್ದಿ ಹಂಚುವ ಅನುಮತಿ ಇರುವುದಿಲ್ಲ. ಮೊದಲು ಹೇಳಿದ ನೀರಿನ ಪಾಠಕ್ಕೆ ಬೇಕಾದುದು ಪರಿಷ್ಕರಿಸುವ ಮತ್ತು ಮರಳಿ ಹಂಚುವ ಅನುಮತಿಗಳೇ.

ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಅನುವಾದವೂ ರೂಪಾಂತರವೂ ಸ್ವಾಮ್ಯದಾರರ ಹಕ್ಕುಗಳು. ಬೋಧನೆಯ ಸಂದರ್ಭದಲ್ಲಿ ಶಿಕ್ಷಕರೂ ವಿದ್ಯಾರ್ಥಿಗಳೂ ಮಾಡುವ ಪುನರುತ್ಪಾದನೆಗೆ 52ನೆಯ ಕಲಮು ವಿನಾಯಿತಿ ಕೊಡುತ್ತದೆ. ದೆಹಲಿ ವಿಶ್ವವಿದ್ಯಾಲಯದ ನೆರಳಚ್ಚು ಪ್ರಕರಣದಲ್ಲಿ ಅಲ್ಲಿನ ಉಚ್ಚ ನ್ಯಾಯಾಲಯ 2016ರಲ್ಲಿ ಈ ವಿನಾಯಿತಿಯನ್ನು ಉದಾರವಾಗಿಯೇ ಅರ್ಥೈಸಿತು. ಆದರೆ ಕಲಮಿನ ಮಾತು ಪುನರುತ್ಪಾದನೆಯನ್ನು ಕುರಿತದ್ದು. ಪಾಠವನ್ನು ಬದಲಿಸಿ ಊರೂರಿಗೆ ಹಂಚುವವರು ಅದನ್ನೊಂದೇ ನೆಚ್ಚಿ ಕೂರಲಾಗದು. ಅವರಿಗೆ ಸ್ಪಷ್ಟ ಪರವಾನಗಿ ಬೇಕು.

ಕೃತಿಯನ್ನು ಸಾರ್ವಜನಿಕರಿಗೆ ಬಿಟ್ಟುಕೊಡುವ ಕಲ್ಪನೆ ತಮಿಳುನಾಡಿಗೆ ಹೊರಗಿನಿಂದ ಬಂದುದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸುಬ್ರಮಣ್ಯ ಭಾರತಿಯವರ ಕೃತಿಗಳ ಹಕ್ಕನ್ನು ಅಂದಿನ ಮದರಾಸು ಸರ್ಕಾರ 1949ರಲ್ಲಿ ಪಡೆದು ಸಾರ್ವಜನಿಕಗೊಳಿಸಿತು. ಲೇಖಕರ ವಾರಸುದಾರರಿಗೆ ಗೌರವಧನ ಕೊಟ್ಟು ಕೃತಿಗಳನ್ನು ನಾಡಿನ ಸ್ವತ್ತಾಗಿಸುವ ಈ ಕ್ರಮವನ್ನು ತಮಿಳರು ‘ನಾಟ್ಟುಡೈಮೈ’ ಎನ್ನುತ್ತಾರೆ. ಕನ್ನಡದಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಸಂಪುಟಗಳನ್ನು 2014ರಲ್ಲಿ ಮುಕ್ತ ಪರವಾನಗಿಗೆ ಒಳಪಡಿಸಿದ್ದು ಇದೇ ದಿಕ್ಕಿನ ಹೆಜ್ಜೆ.

ಪರವಾನಗಿಯನ್ನು ಓದುವ ಬಗೆ

ಕ್ರಿಯೇಟಿವ್ ಕಾಮನ್ಸ್ ಪರವಾನಗಿಗಳು 2002ರ ಡಿಸೆಂಬರಿನಲ್ಲಿ ಹೊರಬಂದವು. ಇಂದು ಬಳಕೆಯಲ್ಲಿರುವ ಆರು ಪರವಾನಗಿಗಳೂ ನಾಲ್ಕು ಷರತ್ತುಗಳ ಜೋಡಣೆಗಳು: ಕರ್ತೃವನ್ನು ಹೆಸರಿಸುವುದು, ವಾಣಿಜ್ಯೇತರ ಬಳಕೆ, ಅದೇ ಷರತ್ತಿನಲ್ಲಿ ಹಂಚುವುದು, ಬದಲಿಸಿ ಹಂಚದಿರುವುದು. ಕೊನೆಯ ಷರತ್ತು ಇರುವ ಪಾಠ ಗಡಿನಾಡಿನ ಕೆಲಸಕ್ಕೆ ಒದಗುವುದಿಲ್ಲ. ಅದರ ಅನುವಾದವೂ ಬದಲಾವಣೆಯೇ. ತನ್ನ ಮಟ್ಟಿಗೆ ತಿದ್ದಿಟ್ಟುಕೊಳ್ಳಬಹುದಾದರೂ ನೆರೆಮನೆಗೆ ಕೊಡುವಂತಿಲ್ಲ.

ಎರಡು ಮೂಲಗಳನ್ನು ಬೆರೆಸುವಾಗ ಇನ್ನೊಂದು ತೊಡಕು ಎದುರಾಗುತ್ತದೆ. ‘ಕರ್ತೃ ಉಲ್ಲೇಖ – ಸಮಾನ ಹಂಚಿಕೆ’ಯ ಪಠ್ಯವನ್ನೂ ‘ಕರ್ತೃ ಉಲ್ಲೇಖ – ವಾಣಿಜ್ಯೇತರ – ಸಮಾನ ಹಂಚಿಕೆ’ಯ ಪಠ್ಯವನ್ನೂ ಕಲಸಿ ಒಂದೇ ಹೊಸ ಪಾಠ ಮಾಡಲಾಗದು; ಎರಡೂ ತಂತಮ್ಮ ಷರತ್ತನ್ನೇ ಹೊಸ ಪಾಠಕ್ಕೆ ವಿಧಿಸುತ್ತವೆ. ಎನ್‌ಸಿಇಆರ್‌ಟಿಯ ರಾಷ್ಟ್ರೀಯ ಮುಕ್ತ ಸಂಪನ್ಮೂಲ ಭಂಡಾರ 2013ರಲ್ಲಿ ಆರಂಭವಾದಾಗ ಸಮಾನ ಹಂಚಿಕೆಯ ಪರವಾನಗಿಯನ್ನು ಆರಿಸಿಕೊಂಡಿತು. ಪ್ರಥಮ್ ಬುಕ್ಸ್ ಸಂಸ್ಥೆಯ ‘ಸ್ಟೋರಿವೀವರ್’ 2015ರಿಂದ ಕರ್ತೃ ಉಲ್ಲೇಖವೊಂದನ್ನೇ ಬೇಡುವ ಪರವಾನಗಿಯಲ್ಲಿ ಮಕ್ಕಳ ಕಥೆಗಳನ್ನು ಕೊಡುತ್ತಿದೆ; ಕಥೆಯನ್ನು ಅನುವಾದಿಸಲು, ಓದಿನ ಮಟ್ಟಕ್ಕೆ ತಕ್ಕಂತೆ ತಿದ್ದಲು ಸಾಧನಗಳೂ ಅಲ್ಲಿಯೇ ಇವೆ. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಕೂಡಿ ರೂಪಿಸಿದ ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ ತಾಣದಲ್ಲಿ ಶಿಕ್ಷಕರೇ ವಿಕಿ ಮಾದರಿಯಲ್ಲಿ ಬರೆದ ಕನ್ನಡ ಸಾಮಗ್ರಿಯಿದೆ. ಯಾವ ಭಂಡಾರವೇ ಆಗಲಿ, ಪರವಾನಗಿಯನ್ನು ಪ್ರತಿಯೊಂದು ಪಾಠದಲ್ಲಿಯೂ ನೋಡಿಕೊಳ್ಳಬೇಕು. ಪಾಠ ಮುಕ್ತವಾಗಿದ್ದು ಅದರೊಳಗಿನ ಚಿತ್ರ ಮುಕ್ತವಲ್ಲದಿರುವುದುಂಟು.

ಕರ್ತೃ ಉಲ್ಲೇಖವನ್ನು ಕಾನೂನಿನ ಉಪಚಾರವೆಂದಷ್ಟೇ ಕಾಣುವುದು ತೌಲನಿಕ ಸಾಹಿತ್ಯದ ವಿದ್ಯಾರ್ಥಿಗೆ ಕಷ್ಟ. ಪಂಪ ಭಾರತದ ಕಥೆಯನ್ನು ತನ್ನ ಕಾಲಕ್ಕೂ ದೊರೆಗೂ ತಿರುಗಿಸಿ, ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡನು. ವ್ಯಾಸನ ಋಣವನ್ನು ಮಾತ್ರ ಮರೆಮಾಡಲಿಲ್ಲ. ಮೂಲದ ಹೆಸರು, ಕರ್ತೃ, ದೊರೆತ ತಾಣ, ಪರವಾನಗಿ, ತಾನು ಮಾಡಿದ ಬದಲಾವಣೆ ಎಂಬ ಐದನ್ನು ಪಾಠದ ಕೊನೆಯಲ್ಲಿ ಬರೆಯುವುದು ಇದೇ ಮರ್ಯಾದೆಯ ಇಂದಿನ ರೂಪ.

ಕಡತದ ತೊಡಕು

ಅನುಮತಿ ದೊರೆತ ಮೇಲೂ ಕಡತ ಬಗ್ಗದೆ ಹೋಗಬಹುದು. ಯೂನಿಕೋಡ್‌ಪೂರ್ವ ಅಕ್ಷರಶೈಲಿಗಳಲ್ಲಿ ಜೋಡಿಸಿದ ಕನ್ನಡ ಪಾಠ ಪರದೆಯ ಮೇಲೆ ಅಂದವಾಗಿಯೇ ಕಾಣುತ್ತದೆ; ಒಂದು ವಾಕ್ಯವನ್ನು ನಕಲಿಸಿ ಬೇರೆಡೆ ಇಟ್ಟರೆ ರೋಮನ್ ಅಕ್ಷರಗಳೂ ಚಿಹ್ನೆಗಳೂ ಕಲೆತ ರಾಶಿ ಉಳಿಯುತ್ತದೆ. ನುಡಿ ಮತ್ತು ಬರಹದ ಹಳೆಯ ಸಂಕೇತಗಳಿಂದ ಯೂನಿಕೋಡಿಗೆ ತರುವ ಪರಿವರ್ತಕಗಳಿವೆಯಾದರೂ ಅರ್ಕಾವೊತ್ತು, ಒತ್ತಕ್ಷರಗಳ ಸ್ಥಾನ ಮುಂತಾದವನ್ನು ಕಣ್ಣಿನಿಂದಲೇ ಪರಿಶೀಲಿಸಬೇಕಾಗುತ್ತದೆ. ಪುಟಗಳ ಚಿತ್ರಗಳನ್ನಷ್ಟೇ ಕೂಡಿಸಿದ ಪಿಡಿಎಫ್ ಆಗಿದ್ದರೆ ಅಕ್ಷರ ಗುರುತಿಸುವ ತಂತ್ರಾಂಶದ ಮೊರೆಹೋಗಬೇಕು. ಪಾಠವನ್ನು ರಚಿಸುವ ಸಂಸ್ಥೆಗಳು ಅಂತಿಮ ಪಿಡಿಎಫ್‌ನೊಡನೆ ತಿದ್ದಬಲ್ಲ ಮೂಲ ಕಡತವನ್ನೂ, ಅಕ್ಷರಗಳನ್ನು ಬೇರ್ಪಡಿಸಿದ ಚಿತ್ರಗಳನ್ನೂ ಒದಗಿಸಿದರೆ ಈ ಶ್ರಮದ ಬಹುಭಾಗ ಉಳಿಯುತ್ತದೆ.

ಪಾಠವನ್ನು ನೆಲಕ್ಕೆ ಹೊಂದಿಸುವುದು

ಮತ್ತೆ ನೀರಿನ ಪಾಠಕ್ಕೆ ಬರೋಣ. ತಿದ್ದಲು ಅನುಮತಿಯಿರುವ, ಯೂನಿಕೋಡಿನಲ್ಲಿರುವ ಪಾಠ ಕೈಗೆ ಬಂದಿದೆ ಎಂದಿಟ್ಟುಕೊಂಡರೆ ಪೆನ್ನಾಗರಂನ ಮಗುವಿಗಾಗಿ ಅದರಲ್ಲಿ ಮೂರು ಸ್ತರದ ಬದಲಾವಣೆ ಬೇಕಾಗುತ್ತದೆ.

ಮೊದಲನೆಯದು ವಿಷಯದ್ದು. ‘ಕುದಿಸಿ ಕುಡಿಯಿರಿ’ ಎಂಬ ವಾಕ್ಯವನ್ನು ಉಳಿಸಿಕೊಂಡು, ಅದು ರೋಗಾಣುಗಳಿಗೆ ಮಾತ್ರ ಮದ್ದೆಂದು ಸ್ಪಷ್ಟಪಡಿಸಬೇಕು. ಗಟ್ಟಿ ಶಿಲೆಯಲ್ಲಿರುವ ಖನಿಜಗಳಿಂದ ಫ್ಲೋರೈಡು ನೀರಿಗಿಳಿಯುವ ಬಗೆಯನ್ನು ಸೇರಿಸಬೇಕು. ಭಾರತೀಯ ಮಾನಕದಂತೆ ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವಿಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಅನುಮತಿಯಿದೆ. ಪಟಿಕ ಮತ್ತು ಸುಣ್ಣ ಬಳಸಿ ಫ್ಲೋರೈಡನ್ನು ತಗ್ಗಿಸುವ ನಲ್ಗೊಂಡ ವಿಧಾನವನ್ನೂ ಹೇಳಬಹುದು. ಪ್ರಮಾಣವನ್ನು ನೀರಿನ ಪರೀಕ್ಷೆಯ ನಂತರವೇ ಗೊತ್ತುಮಾಡಬೇಕೆಂಬ ಎಚ್ಚರಿಕೆಯೂ ಜೊತೆಗಿರಬೇಕು. ಆರೋಗ್ಯವನ್ನು ಕುರಿತ ಇಂತಹ ತಿದ್ದುಪಡಿಗಳನ್ನು ಹಂಚುವ ಮುನ್ನ ವಿಷಯತಜ್ಞರೊಬ್ಬರು ನೋಡುವುದು ಅಗತ್ಯ. ತಿದ್ದುವ ಸ್ವಾತಂತ್ರ್ಯದೊಡನೆ ತಪ್ಪು ಹರಡುವ ಸಾಧ್ಯತೆಯೂ ಬರುತ್ತದೆ.

ಎರಡನೆಯದು ಸ್ಥಳದ್ದು. ಕರ್ನಾಟಕದ ಪಾಠದಲ್ಲಿ ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ ಕೃಷ್ಣರಾಜಸಾಗರ, ಶಿವನಸಮುದ್ರಗಳನ್ನು ದಾಟುತ್ತದೆ. ಈ ಮಗುವಿನ ಕಾವೇರಿ ಹೊಗೇನಕಲ್ಲಿನಲ್ಲಿ ಧುಮುಕಿ, 1934ರಲ್ಲಿ ಪೂರ್ಣಗೊಂಡ ಮೆಟ್ಟೂರು ಅಣೆಕಟ್ಟಿನಲ್ಲಿ ನಿಲ್ಲುವ ನದಿ. ಧರ್ಮಪುರಿ, ಕೃಷ್ಣಗಿರಿ ಜಿಲ್ಲೆಗಳಿಗೆ ಫ್ಲೋರೈಡಿಲ್ಲದ ನೀರು ಕೊಡಲೆಂದೇ ರೂಪುಗೊಂಡ ಹೊಗೇನಕಲ್ ಯೋಜನೆ ಜಪಾನಿನ ಸಾಲದ ನೆರವಿನಿಂದ ಸಿದ್ಧವಾಗಿ 2013ರಲ್ಲಿ ಉದ್ಘಾಟನೆಗೊಂಡಿತು. ಇದೇ ಯೋಜನೆ 2008ರಲ್ಲಿ ಎರಡು ರಾಜ್ಯಗಳ ನಡುವೆ ವಿವಾದವಾಗಿತ್ತೆಂಬುದನ್ನು ಬಲ್ಲವರಿಗೆ, ಗಡಿಯಾಚೆ ಬರೆದ ಪಾಠವೊಂದನ್ನು ಇಲ್ಲಿನ ಕನ್ನಡ ಮಗುವಿನ ಕೈಗೆ ಹಾಗೆಯೇ ಕೊಡುವುದು ಎಷ್ಟು ಸೂಕ್ಷ್ಮವೆಂದು ಹೇಳಬೇಕಾಗಿಲ್ಲ. ಆ ಮಗು ಮನೆಯಲ್ಲಿ ಆಡುವುದು ಕನ್ನಡ. ಕುಡಿಯುವುದು ಆ ಯೋಜನೆಯ ನೀರು.

ಮೂರನೆಯದು ಪದಗಳದ್ದು. ಪಠ್ಯಪುಸ್ತಕದ ಕನ್ನಡ ‘ಅಂತರ್ಜಲ’, ‘ಬಾಷ್ಪೀಭವನ’ ಎನ್ನುತ್ತದೆ. ಶಾಲೆಯಲ್ಲಿ ಮಗು ಕಲಿಯುವ ತಮಿಳು ಪದಗಳು ‘ನಿಲತ್ತಡಿ ನೀರ್’, ‘ಆವಿಯಾದಲ್’. ಕನ್ನಡದಲ್ಲಿ ಇವನ್ನು ‘ನೆಲದಡಿಯ ನೀರು’, ‘ಆವಿಯಾಗುವುದು’ ಎಂದರೆ ಮನೆಮಾತಿಗೂ ಶಾಲೆಯ ತಮಿಳಿಗೂ ಒಂದೇ ಸೇತುವೆ ದೊರೆಯುತ್ತದೆ. ಕರ್ನಾಟಕದಲ್ಲಿ ಶಿಷ್ಟ ಪರಿಭಾಷೆಯಿಂದ ಕೆಳಗಿಳಿದಂತೆ ಕಾಣಬಹುದಾದ ಈ ಪದಗಳು ಇಲ್ಲಿ ಎರಡು ಭಾಷೆಗಳ ಜ್ಞಾನವನ್ನು ಕೂಡಿಸುತ್ತವೆ. ಸಂಸ್ಕೃತಮೂಲದ ಪದವನ್ನು ಆವರಣದಲ್ಲಿ ಒಮ್ಮೆ ಕೊಟ್ಟರೆ ಮುಂದೆ ಕನ್ನಡ ಪುಸ್ತಕ ಓದುವ ದಾರಿಯೂ ತೆರೆದಿರುತ್ತದೆ.

ಲಿಪಿಯ ಪ್ರಶ್ನೆ

ಕನ್ನಡ ಲಿಪಿಯನ್ನರಿಯದ ಕನ್ನಡಿಗರಿಗೆ ತಮಿಳು ಲಿಪಿಯಲ್ಲಿ ಕನ್ನಡ ಪಾಠ ಕೊಡಬಹುದೇ? ಯೂನಿಕೋಡಿನಲ್ಲಿರುವ ಪಠ್ಯವನ್ನು ಒಂದು ಲಿಪಿಯಿಂದ ಇನ್ನೊಂದಕ್ಕೆ ಯಾಂತ್ರಿಕವಾಗಿ ದಾಟಿಸುವುದು ಸುಲಭ. ಆದರೆ ಕನ್ನಡದ ಕ, ಖ, ಗ, ಘ ನಾಲ್ಕೂ ತಮಿಳಿನಲ್ಲಿ ಒಂದೇ ಅಕ್ಷರವಾಗುತ್ತವೆ. ‘ಗಾಳಿ’ಯೂ ‘ಕಾಳಿ’ಯೂ ಒಂದೇ ರೂಪ ತಾಳುತ್ತವೆ. ಅಲ್ಲಿಂದ ಕನ್ನಡಕ್ಕೆ ಹಿಂದಿರುಗುವಾಗ ಯಂತ್ರಕ್ಕೆ ಯಾವುದು ಯಾವುದೆಂದು ತಿಳಿಯದು. ತಮಿಳು ಲಿಪಿಯ ಸ್ತೋತ್ರ ಪುಸ್ತಕಗಳು ಅಕ್ಷರದ ಪಕ್ಕದಲ್ಲಿ 2, 3, 4 ಎಂಬ ಅಂಕಿಗಳನ್ನಿಟ್ಟು ಈ ಭೇದವನ್ನು ಉಳಿಸಿಕೊಂಡಿವೆ. ಆ ಪದ್ಧತಿ ಇಲ್ಲಿ ಒದಗಬಲ್ಲದು. ಲೇಖಕಿಯ ಅಭಿಪ್ರಾಯದಲ್ಲಿ ಕನ್ನಡ ಲಿಪಿಯ ಪಠ್ಯವೇ ಮೂಲ ಪ್ರತಿಯಾಗಿರಬೇಕು. ತಮಿಳು ಲಿಪಿಯ ರೂಪವೂ, ಮನೆಯ ಹಿರಿಯರು ಓದಿದ ಧ್ವನಿಮುದ್ರಣವೂ ಅದರಿಂದ ಹೊರಟ ಕವಲುಗಳಾಗಿರಬೇಕು. ಲಿಪಿ ಬಾರದೆಂಬ ಕಾರಣಕ್ಕೆ ಮಗುವಿಗೆ ಪಾಠವನ್ನೇ ನಿರಾಕರಿಸುವುದು ಸರಿಯಲ್ಲ. ಲಿಪಿಯನ್ನು ಶಾಶ್ವತವಾಗಿ ಕೈಬಿಡುವುದೂ ಸರಿಯಲ್ಲ.

ಮರಳಿ ಕೊಡುವುದು

ಇಷ್ಟು ತಿದ್ದಿದ ಪಾಠ ಸೇಲಂ–ಧರ್ಮಪುರಿಯಲ್ಲಿಯೇ ಉಳಿದರೆ ಅರ್ಧ ಕೆಲಸ ಮಾತ್ರ ಆದಂತೆ. ಫ್ಲೋರೈಡಿನ ಬಾಧೆ ಕೋಲಾರ, ಚಿಕ್ಕಬಳ್ಳಾಪುರ, ಪಾವಗಡಗಳಲ್ಲಿಯೂ ಇದೆ. ಇಲ್ಲಿ ‘ನೆಲದಡಿಯ ನೀರು’ ಎಂದು ಬರೆದ ಪಾಠವನ್ನು ಅಲ್ಲಿನ ಶಿಕ್ಷಕರು ಹೊಗೇನಕಲ್ಲಿನ ಪುಟವನ್ನು ತೆಗೆದು, ತಮ್ಮೂರ ಕೆರೆಯನ್ನು ಸೇರಿಸಿ ಬಳಸಬಹುದು. ಸಮಾನ ಹಂಚಿಕೆಯ ಷರತ್ತಿನ ಸಾರ್ಥಕತೆ ಇರುವುದು ಈ ಮರುಪಯಣದಲ್ಲಿ. ಗಡಿನಾಡಿನ ಕನ್ನಡವನ್ನು ನಾವು ಬಹುಕಾಲದಿಂದ ಉಳಿಸಬೇಕಾದ, ನೆರವು ಬೇಡುವ ಕನ್ನಡವೆಂದೇ ಚರ್ಚಿಸುತ್ತ ಬಂದಿದ್ದೇವೆ. ಅದು ಕರ್ನಾಟಕಕ್ಕೆ ಪಾಠ ಕೊಡಬಲ್ಲ ಕನ್ನಡವೂ ಹೌದು ಎಂಬುದಕ್ಕೆ ಇಂತಹ ಕೆಲಸ ಸಾಕ್ಷಿಯಾಗುತ್ತದೆ.

ಇದಕ್ಕೆ ಬೇಕಾದ ಶ್ರಮ ಕಡಿಮೆಯದಲ್ಲ. ತರಗತಿಯ ಹೊರೆಯಿರುವ ಶಿಕ್ಷಕರ ಮೇಲೆ ಅದನ್ನೆಲ್ಲ ಹೊರಿಸುವುದು ನ್ಯಾಯವೂ ಅಲ್ಲ. ಕಡತ ಪರಿವರ್ತನೆ, ಪರವಾನಗಿಯ ಪರಿಶೀಲನೆ, ಪದಕೋಶದ ಸಿದ್ಧತೆಗಳನ್ನು ನಮ್ಮಂತಹ ಸಂಶೋಧನ ಕೇಂದ್ರಗಳು ವಹಿಸಿಕೊಳ್ಳಬೇಕು. ಶಿಕ್ಷಕರಿಗೂ ಮನೆಯವರಿಗೂ ಪಾಠದ ಮಾತನ್ನು ಒಪ್ಪಿಸುವ ಅಧಿಕಾರ ಉಳಿಯಬೇಕು. ಆರಂಭಕ್ಕೆ ನೂರು ಪಾಠಗಳ ಯೋಜನೆ ಬೇಕಾಗಿಲ್ಲ. ನೀರಿನ ಒಂದು ಪಾಠವನ್ನು ಸರಿಯಾಗಿ ತಿದ್ದಿ, ಅದರ ಋಣವನ್ನು ಬರೆದು, ತಿದ್ದಬಲ್ಲ ಕಡತದೊಡನೆ ಹೊರಗಿಟ್ಟರೆ ಮುಂದಿನ ಪಾಠಕ್ಕೆ ಅದೇ ಮಾದರಿಯಾಗುತ್ತದೆ.