ಸಿಂಥೆಟಿಕ್ ಎಂಜಿನ್ ಆಯಿಲ್: ಡಬ್ಬಿಯ ಮೇಲಿನ ಹೆಸರು, ಒಳಗಿನ ರಸಾಯನ

ಕಾರಿನ ಎಂಜಿನ್ ಓಡುತ್ತಿರುವಾಗ ಕ್ರ್ಯಾಂಕ್‌ಶಾಫ್ಟಿನ ಉಕ್ಕು ಅದನ್ನು ಹೊತ್ತ ಬೇರಿಂಗಿನ ಲೋಹಕ್ಕೆ ತಾಗುವುದಿಲ್ಲ. ಎರಡರ ನಡುವೆ ಕೆಲವೇ ಮೈಕ್ರಾನ್ ದಪ್ಪದ, ಅಂದರೆ ತಲೆಗೂದಲಿನ ದಪ್ಪದ ಹತ್ತನೇ ಒಂದು ಪಾಲಿನಷ್ಟೂ ಇರದ ಎಣ್ಣೆಯ ಪದರವಿದ್ದು, ಶಾಫ್ಟಿನ ಭಾರವನ್ನೆಲ್ಲ ಅದೇ ಹೊರುತ್ತದೆ. ಇದು ಮೊದಲು ಬೆಳಕಿಗೆ ಬಂದದ್ದು 1883ರಲ್ಲಿ, ಇಂಗ್ಲೆಂಡಿನ ಬೋಷಾಂ ಟವರ್ ರೈಲ್ವೆ ಅಚ್ಚುಗಳ ಬೇರಿಂಗುಗಳನ್ನು ಪರೀಕ್ಷಿಸುತ್ತಿದ್ದಾಗ. ಬೇರಿಂಗಿನ ಮೇಲ್ಭಾಗದಲ್ಲಿ ಕೊರೆದಿದ್ದ ತೂತಿನಿಂದ ಎಣ್ಣೆ ಉಕ್ಕಿ ಬರುತ್ತಿದ್ದುದನ್ನು ತಡೆಯಲು ಮರದ ಬೆಣೆ ಬಡಿದರೆ, ಆ ಬೆಣೆಯನ್ನೂ ಎಣ್ಣೆಯ ಒತ್ತಡ ಹೊರಕ್ಕೆ ತಳ್ಳಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಕಿರಿದಾಗುತ್ತ ಹೋಗುವ ಸಂದಿಯೊಳಕ್ಕೆ ಎಳೆದುಕೊಂಡು ಭಾರ ಹೊರುವಷ್ಟು ಒತ್ತಡವನ್ನು ಹುಟ್ಟಿಸುತ್ತದೆ ಎಂಬುದನ್ನು 1886ರಲ್ಲಿ ಆಸ್ಬೋರ್ನ್ ರೆನಾಲ್ಡ್ಸ್ ಗಣಿತದ ಮೂಲಕ ತೋರಿಸಿಕೊಟ್ಟರು.

ಈ ಪದರ ಉಳಿಯುವುದೂ ಹರಿಯುವುದೂ ಎಣ್ಣೆಯ ಸ್ನಿಗ್ಧತೆಯನ್ನು, ಎಂದರೆ ಹರಿವಿಗೆ ಅದು ಒಡ್ಡುವ ಪ್ರತಿರೋಧವನ್ನು, ಅವಲಂಬಿಸಿದೆ. ಎಣ್ಣೆ ತೀರ ತೆಳುವಾದರೆ ಪದರ ಹರಿದು ಲೋಹಕ್ಕೆ ಲೋಹ ಉಜ್ಜುತ್ತದೆ. ತೀರ ಗಟ್ಟಿಯಾದರೆ ಎಂಜಿನ್ನಿನ ಶಕ್ತಿ ಎಣ್ಣೆಯನ್ನು ಕಲಕುವುದರಲ್ಲೇ ವ್ಯಯವಾಗುವುದಲ್ಲದೆ, ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಎಣ್ಣೆ ಮೇಲಿನ ಭಾಗಗಳಿಗೆ ತಲುಪುವುದು ತಡವಾಗುತ್ತದೆ. ತೊಡಕೇನೆಂದರೆ ಒಂದೇ ಎಣ್ಣೆಯ ಸ್ನಿಗ್ಧತೆ ಉಷ್ಣಾಂಶದೊಡನೆ ಬದಲಾಗುತ್ತಲೇ ಇರುತ್ತದೆ: ಇಂದು ಹೆಚ್ಚು ಬಳಕೆಯಲ್ಲಿರುವ 5ಡಬ್ಲ್ಯು-30 ದರ್ಜೆಯ ಎಣ್ಣೆ ಕೂಡ 100 ಡಿಗ್ರಿ ಸೆಲ್ಸಿಯಸ್‌ನಲ್ಲಿರುವುದಕ್ಕಿಂತ 40 ಡಿಗ್ರಿಯಲ್ಲಿ ಸುಮಾರು ಆರು ಪಟ್ಟು ಗಟ್ಟಿಯಾಗಿರುತ್ತದೆ. ಈ ಬದಲಾವಣೆ ಎಷ್ಟು ಕಡಿಮೆಯೋ ಎಣ್ಣೆಯ ‘ಸ್ನಿಗ್ಧತಾ ಸೂಚ್ಯಂಕ’ ಅಷ್ಟು ಹೆಚ್ಚು. ಸಿಂಥೆಟಿಕ್ ಎಣ್ಣೆಯ ಹಿರಿಮೆಯ ಒಂದು ಮುಖ್ಯ ಆಧಾರ ಈ ಸಂಖ್ಯೆಯೇ.

ಸಾಮಾನ್ಯ ಎಂಜಿನ್ ಆಯಿಲ್, ಅಂದರೆ ಖನಿಜ ತೈಲ, ಕಚ್ಚಾ ತೈಲವನ್ನು ಶುದ್ಧೀಕರಿಸಿ ಪಡೆದದ್ದು. ಎಷ್ಟು ಶೋಧಿಸಿದರೂ ಅದರಲ್ಲಿ ನಾನಾ ಗಾತ್ರದ, ನಾನಾ ಆಕಾರದ ಅಣುಗಳು ಉಳಿದಿರುತ್ತವೆ: ಚಳಿಗೆ ಹೆಪ್ಪುಗಟ್ಟುವ ಮೇಣದಂಥವು, ಬಿಸಿಗೆ ಬೇಗ ಆವಿಯಾಗುವ ಸಣ್ಣವು, ಆಮ್ಲಜನಕದೊಡನೆ ಸುಲಭವಾಗಿ ಸೇರಿ ಅಂಟಾಗುವವು. ಸಿಂಥೆಟಿಕ್ ಎಣ್ಣೆಯ ಮಾರ್ಗ ಇದಕ್ಕೆ ತದ್ವಿರುದ್ಧ. ಪಾಲಿ ಆಲ್ಫಾ ಓಲಿಫಿನ್ ಎಂಬ ಪ್ರಸಿದ್ಧ ಬಗೆಯನ್ನು ತಯಾರಿಸುವಾಗ ಎಥಿಲೀನ್ ಅನಿಲದಿಂದ ಆರಂಭಿಸಿ ಹತ್ತು ಇಂಗಾಲದ ಪರಮಾಣುಗಳಿರುವ ಡೆಸೀನ್ ಎಂಬ ಅಣುವನ್ನು ಕಟ್ಟಿ, ಅಂಥ ಮೂರು ನಾಲ್ಕು ಅಣುಗಳನ್ನು ಒಂದಕ್ಕೊಂದು ಬೆಸೆದು, ಕೊನೆಗೆ ಹೈಡ್ರೋಜನ್ ಸೇರಿಸಿ ಸ್ಥಿರಗೊಳಿಸುತ್ತಾರೆ. ಬೇಕಾದ ಅಣುವನ್ನಷ್ಟೇ ಕಟ್ಟಿದ್ದರಿಂದ ಮೇಣದ ಪ್ರಶ್ನೆ ಏಳುವುದಿಲ್ಲ, ಆವಿಯಾಗಿ ಹೋಗುವ ಪಾಲು ಕಡಿಮೆ, ಸ್ನಿಗ್ಧತಾ ಸೂಚ್ಯಂಕ ಹೆಚ್ಚು. ಎರಡನೆಯ ಮಹಾಯುದ್ಧದ ಕಾಲದ ಜರ್ಮನಿಯಲ್ಲೂ ಆಮೇಲೆ ಜೆಟ್ ವಿಮಾನಗಳಲ್ಲೂ ಬೆಳೆದ ಈ ವಿದ್ಯೆ 1970ರ ದಶಕದಲ್ಲಿ ಕಾರುಗಳಿಗೆ ಇಳಿಯಿತು. ಅಮೆರಿಕದಲ್ಲಿ 1972ರಲ್ಲಿ ಆಮ್ಸಾಯಿಲ್, ಅದರ ಬೆನ್ನಿಗೇ ಮೊಬಿಲ್ 1 ಮಾರುಕಟ್ಟೆಗೆ ಬಂದವು.

ಆದರೆ ಇಂದು ಸಿಂಥೆಟಿಕ್ ಎಂಬ ಹೆಸರು ಹೊತ್ತ ಡಬ್ಬಿಗಳಲ್ಲಿ ಹೆಚ್ಚಿನವು ಈ ರೀತಿ ಕಟ್ಟಿದ ಅಣುಗಳಿಂದ ಆದವಲ್ಲ. ಕಚ್ಚಾ ತೈಲದಿಂದ ಬಂದ ಅಂಶವನ್ನೇ ಅಧಿಕ ಒತ್ತಡದಲ್ಲಿ ಹೈಡ್ರೋಜನ್ ಮತ್ತು ವೇಗವರ್ಧಕಗಳ ಮೂಲಕ ಹಾಯಿಸಿದಾಗ ಅದರ ಅಣುಗಳು ಮುರಿದು ಮರುಜೋಡಣೆಗೊಂಡು 120ಕ್ಕಿಂತ ಹೆಚ್ಚಿನ ಸೂಚ್ಯಂಕದ ಎಣ್ಣೆಯಾಗುತ್ತವೆ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಎಪಿಐ, ಮಾಡಿದ ವಿಂಗಡಣೆಯಲ್ಲಿ ಇದು ಮೂರನೆಯ ಗುಂಪು, ಪಾಲಿ ಆಲ್ಫಾ ಓಲಿಫಿನ್ ನಾಲ್ಕನೆಯದು. ಮೂರನೆಯ ಗುಂಪಿನ ಎಣ್ಣೆಯನ್ನು ಕ್ಯಾಸ್ಟ್ರಾಲ್ ಸಿಂಥೆಟಿಕ್ ಎಂದು ಮಾರಿದ್ದನ್ನು ಮೊಬಿಲ್ ಪ್ರಶ್ನಿಸಿದಾಗ, ಜಾಹೀರಾತುಗಳ ಸತ್ಯಾಸತ್ಯ ಪರಿಶೀಲಿಸುವ ಅಮೆರಿಕದ ಮಂಡಳಿ 1999ರಲ್ಲಿ ಕ್ಯಾಸ್ಟ್ರಾಲ್ ಪರವಾಗಿ ತೀರ್ಪಿತ್ತಿತು. ಇದರಿಂದ ಗ್ರಾಹಕರಿಗೆ ಮೋಸವಾಯಿತೆನ್ನಲಾಗದು, ಏಕೆಂದರೆ ದಿನನಿತ್ಯದ ಓಡಾಟದಲ್ಲಿ ಎರಡು ಗುಂಪುಗಳ ನಡುವಿನ ಅಂತರ ಅಲ್ಪ. ಆದರೆ ಡಬ್ಬಿಯ ಮೇಲಿನ ‘ಫುಲ್ಲಿ ಸಿಂಥೆಟಿಕ್’ ಎಂಬ ಬರಹದಿಂದ ಒಳಗೇನಿದೆ ಎಂಬುದು ಪೂರ್ತಿ ತಿಳಿಯುವುದಿಲ್ಲ ಎಂಬುದಂತೂ ನಿಜ. ಮೂಲ ಎಣ್ಣೆಯ ಜೊತೆಗೆ ಕೊಳೆಯನ್ನು ತೊಳೆಯುವ, ಮಸಿಯನ್ನು ತೇಲಿಸಿಡುವ, ಸವೆತ ತಡೆಯುವ ಸೇರ್ಪಡೆಗಳೂ ಡಬ್ಬಿಯಲ್ಲಿರುತ್ತವೆ, ಮತ್ತು ಅವುಗಳ ಪಾತ್ರ ಮೂಲ ಎಣ್ಣೆಯದಕ್ಕಿಂತ ಕಡಿಮೆಯದಲ್ಲ. ಡಿಪ್‌ಸ್ಟಿಕ್ ಎಳೆದು ನೋಡಿದಾಗ ಎಣ್ಣೆ ಕಪ್ಪಾಗಿದ್ದರೆ ಕೆಟ್ಟಿತೆಂದು ಹಲವರು ಭಾವಿಸುತ್ತಾರಾದರೂ, ಬಹಳ ಸಲ ಅದು ಮಸಿಯನ್ನು ಎಲ್ಲೂ ಕೂರಗೊಡದೆ ಹಿಡಿದಿಟ್ಟುಕೊಂಡಿದೆ ಎಂಬುದರ ಸೂಚನೆಯಷ್ಟೆ.

ಹಾಗಾದರೆ ಕರ್ನಾಟಕದ ಕಾರಿಗೆ ಸಿಂಥೆಟಿಕ್‌ನಿಂದ ಸಿಗುವುದೇನು? 5ಡಬ್ಲ್ಯು ಎಂಬ ಗುರುತಿಗಾಗಿ ಎಣ್ಣೆ ಸೊನ್ನೆಗಿಂತ 30 ಡಿಗ್ರಿ ಕೆಳಗೂ ಎಂಜಿನ್ ತಿರುಗಲು ಬಿಡುವಷ್ಟು ತೆಳುವಾಗಿರಬೇಕು. ಲಡಾಖಿನ ಚಳಿಗಾಲದಲ್ಲಿ ಈ ಗುಣ ಬೆಲೆಬಾಳುತ್ತದೆ. ಬೀದರ್ ಅಥವಾ ಮಡಿಕೇರಿಯ ಚಳಿಗೆ ಅಷ್ಟರ ಅಗತ್ಯ ಬೀಳದು. ಕಲಬುರಗಿಯ ಬಿಸಿಲಿಗಾಗಿ ಸಿಂಥೆಟಿಕ್ ಬೇಕೆಂಬ ವಾದವೂ ಅರ್ಧ ಸತ್ಯವೇ, ಏಕೆಂದರೆ ಹೊರಗೆ 25 ಡಿಗ್ರಿ ಇರಲಿ, 42 ಇರಲಿ, ಕೂಲೆಂಟ್ ಎಂಜಿನ್ನನ್ನು ಸುಮಾರು 90 ಡಿಗ್ರಿಯ ಆಸುಪಾಸಿನಲ್ಲೇ ನಿಲ್ಲಿಸಲು ದುಡಿಯುತ್ತಿರುತ್ತದೆ. ನಿಜವಾದ ಕಾವು ಇರುವುದು ಪಿಸ್ಟನ್ ರಿಂಗುಗಳ ಬಳಿ ಮತ್ತು ಟರ್ಬೋಚಾರ್ಜರಿನಲ್ಲಿ. ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಬಲ್ಲ ಟರ್ಬೋ ಶಾಫ್ಟ್, ಕಾದ ಹೊಗೆಯ ಹಾದಿಗೆ ಅಂಟಿಕೊಂಡೇ ಇರುತ್ತದೆ; ಘಾಟಿ ಹತ್ತಿ ಬಂದು ತಕ್ಷಣ ಎಂಜಿನ್ ಆರಿಸಿದಾಗ ಎಣ್ಣೆಯ ಹರಿವು ನಿಂತು, ಉಳಿದ ಎಣ್ಣೆ ಲೋಹದ ಕಾವಿಗೆ ಬೆಂದು ಇದ್ದಿಲಿನಂತೆ ಗಟ್ಟಿಯಾಗಬಹುದು. ಉಷ್ಣಾಂಶ 10 ಡಿಗ್ರಿ ಏರಿದರೆ ಎಣ್ಣೆ ಆಮ್ಲಜನಕದೊಡನೆ ಸೇರಿ ಕೆಡುವ ವೇಗ ಹೆಚ್ಚುಕಡಿಮೆ ಇಮ್ಮಡಿಸುತ್ತದೆ ಎಂಬ ಸ್ಥೂಲ ನಿಯಮವನ್ನು ನೆನೆದರೆ, ಒಂದು ಲೀಟರ್ ಸಾಮರ್ಥ್ಯದ ಟರ್ಬೋ ಪೆಟ್ರೋಲ್ ಎಂಜಿನ್ನುಗಳು ರಸ್ತೆ ತುಂಬಿರುವ ಈ ಕಾಲದಲ್ಲಿ ಸಿಂಥೆಟಿಕ್ ಎಣ್ಣೆಗೆ ಹೆಚ್ಚು ಬೆಲೆ ಕೊಡುವುದು ದುಂದುಗಾರಿಕೆಯಲ್ಲ.

ಆದರೂ ಆ ಹೆಸರೊಂದನ್ನೇ ನಂಬಿ ಎಣ್ಣೆ ಕೊಳ್ಳುವುದು ಅಪಾಯಕಾರಿ. ನೇರ ಇಂಧನ ಸಿಂಪಡಣೆಯ ಟರ್ಬೋ ಪೆಟ್ರೋಲ್ ಎಂಜಿನ್ ಕಡಿಮೆ ವೇಗದಲ್ಲಿ ಹೆಚ್ಚು ಭಾರ ಎಳೆಯುವಾಗ, ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುವ ಮೊದಲೇ ಮಿಶ್ರಣ ಹೊತ್ತಿಕೊಂಡು ಪಿಸ್ಟನ್ನನ್ನೇ ಒಡೆಯಬಲ್ಲ ಹೊಡೆತ ಉಂಟಾಗಬಹುದು. ಎಣ್ಣೆಯಲ್ಲಿನ ಕ್ಯಾಲ್ಸಿಯಂ ಆಧಾರಿತ ಸೇರ್ಪಡೆಗಳು ಇದಕ್ಕೆ ಇಂಬು ಕೊಡುತ್ತವೆಂದು ತಿಳಿದ ಮೇಲೆ ಎಣ್ಣೆಯ ಸೂತ್ರವನ್ನೇ ಬದಲಿಸಬೇಕಾಯಿತು. 2020ರ ಮೇ ತಿಂಗಳಿಂದ ಜಾರಿಗೆ ಬಂದ ಎಪಿಐ ಎಸ್‌ಪಿ ಮಾನದಂಡದಲ್ಲಿ ಇದರ ಪರೀಕ್ಷೆಯೂ ಸೇರಿದೆ. ಹಳೆಯ ಮಾನದಂಡದ ಎಣ್ಣೆ ಸಿಂಥೆಟಿಕ್ ಆಗಿದ್ದರೂ ಇಂಥ ಎಂಜಿನ್ನಿಗೆ ತಕ್ಕದ್ದೆಂದು ಹೇಳಲಾಗದು. ಡೀಸೆಲ್ ಕಾರುಗಳ ಕಥೆಯೂ ಹೀಗೆಯೇ. ಭಾರತದಲ್ಲಿ 2020ರ ಏಪ್ರಿಲ್ 1ರಿಂದ ಬಿಎಸ್6 ನಿಯಮ ಬಂದ ಮೇಲೆ ಅವುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದರಲ್ಲಿ ಸಿಕ್ಕಿದ ಮಸಿಯನ್ನು ಆಗಾಗ ಸುಡಬಹುದು, ಆದರೆ ಎಣ್ಣೆಯ ಸೇರ್ಪಡೆಗಳಿಂದ ಉಳಿಯುವ ಬೂದಿ ಸುಡುವುದಿಲ್ಲ, ಅಲ್ಲೇ ಕೂಡಿಕೊಳ್ಳುತ್ತದೆ. ಆದ್ದರಿಂದ ಅಂಥ ಕಾರಿಗೆ ಬೂದಿ ಕಡಿಮೆಯಿರುವ, ಸಾಮಾನ್ಯವಾಗಿ ಯುರೋಪಿನ ಎಸಿಇಎ ಮಾನದಂಡದ ಸಿ ವರ್ಗಕ್ಕೆ ಸೇರಿದ ಎಣ್ಣೆಯನ್ನೇ ಹಾಕಬೇಕು.

ಕೈಪಿಡಿ 0ಡಬ್ಲ್ಯು-20ಯಂಥ ತೆಳು ದರ್ಜೆಯನ್ನು ಹೇಳಿದ್ದರೆ ಆಯ್ಕೆಯ ಪ್ರಶ್ನೆಯೇ ಉಳಿಯದು, ಏಕೆಂದರೆ ಅಷ್ಟು ತೆಳುವಾಗಿದ್ದೂ ಬೇಗ ಆವಿಯಾಗದ ಎಣ್ಣೆಯನ್ನು ಸಾಧಾರಣ ಖನಿಜ ತೈಲದಿಂದ ತಯಾರಿಸಲು ಬರುವುದಿಲ್ಲ. ‘ಗಟ್ಟಿ ಆಯಿಲ್ ಹಾಕಿದರೆ ಎಂಜಿನ್ ಬಾಳಿಕೆ ಬರುತ್ತದೆ’ ಎಂಬ ಗ್ಯಾರೇಜಿನ ನಂಬಿಕೆ ಹಳೆಯ ಎಂಜಿನ್ನುಗಳ ಅನುಭವದಿಂದ ಬಂದದ್ದು. ಹೊಸ ಎಂಜಿನ್ನಿನ ಕಿರಿದಾದ ನಾಳಗಳಿಗೂ, ಎಣ್ಣೆಯ ಒತ್ತಡದಿಂದಲೇ ವಾಲ್ವುಗಳ ಸಮಯವನ್ನು ಬದಲಿಸುವ ಅದರ ವ್ಯವಸ್ಥೆಗೂ ಆ ನಂಬಿಕೆ ಒಗ್ಗುವುದಿಲ್ಲ. ಸಿಂಥೆಟಿಕ್ ಹಾಕಿದರೆ ಎಣ್ಣೆ ಸೋರುತ್ತದೆ, ಖನಿಜ ತೈಲದೊಡನೆ ಬೆರೆಸಿದರೆ ಕೆಡುತ್ತದೆ ಎಂಬ ಮಾತುಗಳಿಗೆ ಇಂದಿನ ಎಣ್ಣೆಗಳ ಮಟ್ಟಿಗೆ ಆಧಾರವಿಲ್ಲ.

ಎಣ್ಣೆ ಬದಲಿಸುವ ಅವಧಿಯ ವಿಷಯದಲ್ಲಿ ಮಾತ್ರ ಹೆಚ್ಚಿನ ಎಚ್ಚರ ಬೇಕು. ಸಿಂಥೆಟಿಕ್ ಎಣ್ಣೆ ಕಾವನ್ನು ತಾಳಿಕೊಳ್ಳುತ್ತದೆ ನಿಜ, ಆದರೆ ಹೊರಗಿನಿಂದ ಬಂದು ಸೇರುವ ಪೆಟ್ರೋಲ್, ನೀರು ಮತ್ತು ಮಸಿಯನ್ನು ತಡೆಯುವ ಶಕ್ತಿ ಅದಕ್ಕಿಲ್ಲ. ಬೆಂಗಳೂರಿನಲ್ಲಿ ದಿನವೂ ಮೂರು ನಾಲ್ಕು ಕಿಲೋಮೀಟರ್ ಮಾತ್ರ ಓಡುವ ಕಾರಿನ ಎಣ್ಣೆ ಪೂರ್ತಿ ಬಿಸಿಯೇರುವ ಮೊದಲೇ ಎಂಜಿನ್ ನಿಲ್ಲುವುದರಿಂದ, ಒಳಸೇರಿದ ನೀರು ಮತ್ತು ಇಂಧನ ಆವಿಯಾಗದೆ ಅಲ್ಲೇ ಉಳಿದುಬಿಡುತ್ತವೆ. ಹೀಗಾಗಿ ಕಿಲೋಮೀಟರ್ ಲೆಕ್ಕ ತುಂಬದಿದ್ದರೂ ಕೈಪಿಡಿ ಹೇಳಿದ ತಿಂಗಳುಗಳು ಮುಗಿದ ಕೂಡಲೇ ಎಣ್ಣೆ ಬದಲಿಸಬೇಕು. ಟರ್ಬೋ ಇಲ್ಲದ ಹಳೆಯ ಕಾರಿನಲ್ಲಿ ಅವಧಿ ಮೀರಿ ಉಳಿಸಿದ ದುಬಾರಿ ಸಿಂಥೆಟಿಕ್‌ಗಿಂತ, ಕೈಪಿಡಿಗೆ ಒಪ್ಪುವ ಖನಿಜ ತೈಲವನ್ನು ಹೊತ್ತಿಗೆ ಸರಿಯಾಗಿ ಬದಲಿಸುತ್ತ ಹೋಗುವುದೇ ಮೇಲು.

ಇಳಿಸಿದ ಮೇಲೆ ಸಿಂಥೆಟಿಕ್ ಎಣ್ಣೆಯೂ ಖನಿಜ ತೈಲದಷ್ಟೇ ಮಲಿನ. ಭಾರತದ 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುವ ಈ ಎಣ್ಣೆಯನ್ನು ಮತ್ತೆ ಶುದ್ಧೀಕರಿಸಿ ಮೂಲ ಎಣ್ಣೆಯಾಗಿಸಲು ಸಾಧ್ಯವಿರುವುದರಿಂದ, ಅದು ಚರಂಡಿ ಸೇರದೆ ನೋಂದಾಯಿತ ಮರುಬಳಕೆ ಘಟಕಕ್ಕೆ ಹೋಗುತ್ತದೆಯೇ ಎಂದು ಕಾರಿನ ಮಾಲೀಕರು ಸರ್ವಿಸ್ ಸೆಂಟರಿನಲ್ಲಿ ತಪ್ಪದೆ ವಿಚಾರಿಸಬೇಕು.